ಅರಿವಿನ ಬೆಲೆ, ಅರಿವಿನ ಎಲ್ಲೆ

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದನ್ನು ನಮ್ಮ ತರ್ಕಶಾಸ್ತ್ರವು ‘ಅನುಮಾನ’ವೆಂದು ಕರೆಯುತ್ತದೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು ಅನುಮಾನ. ಚಾರ್ವಾಕರು ಪ್ರತ್ಯಕ್ಷವನ್ನು ಮಾತ್ರ ಒಪ್ಪಿದರು. ಈವರೆಗೆ ಕಂಡದ್ದು ಮುಂದೆಯೂ ಹಾಗೆಯೇ ಇರುವುದೆಂಬುದಕ್ಕೆ ಆಧಾರವೇನು ಎಂಬುದು ಅವರ ಆಕ್ಷೇಪ. ಪ್ರಶ್ನೆ ಬಹು ಹಳೆಯದು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಅದು ನಿತ್ಯವೂ ಎದುರಾಗುವಂಥದು.

1994ರಲ್ಲಿ ಅಮೆರಿಕದಲ್ಲಿ ‘ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’ ಎಂಬ ಹೂಡಿಕೆ ಸಂಸ್ಥೆ ಕಾರ್ಯಾರಂಭ ಮಾಡಿತು. ಅದರ ಪಾಲುದಾರರಾಗಿದ್ದ ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಹಿಂದಿನ ಬೆಲೆಗಳ ಏರಿಳಿತವನ್ನು ಆಧರಿಸಿ, ಅಪಾರ ಸಾಲ ತಂದು, ಸಂಸ್ಥೆಯು ವಹಿವಾಟು ನಡೆಸಿತು. 1998ರ ಆಗಸ್ಟಿನಲ್ಲಿ ರಷ್ಯಾ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಪೇಟೆಗಳು ಲೆಕ್ಕ ಮೀರಿ ಕುಸಿದವು. ಮರುತಿಂಗಳು 14 ಹಣಕಾಸು ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ಒದಗಿಸಿ ಅದನ್ನು ಹಿಡಿದೆತ್ತಬೇಕಾಯಿತು. ನಿನ್ನೆಯ ಅಂಕಿಗಳಲ್ಲಿಯೇ ನಾಳೆಯೂ ಅಡಗಿದೆ ಎಂಬ ನಂಬಿಕೆ ಪಂಡಿತರಿಗೂ ಮುಳುವಾಯಿತು.

ಅನುಭವಕ್ಕೂ ಇಂಥದೇ ಎಲ್ಲೆಯಿದೆ. ಸಹಿಗಳನ್ನು ನೋಡಿ ನೋಡಿ ಪಳಗಿದ ಕಣ್ಣು ನಮ್ಮದೆಂಬ ಹೆಮ್ಮೆ ನಮಗಿತ್ತು. ಒಮ್ಮೆ ವೃದ್ಧರೊಬ್ಬರು ಮೊಮ್ಮಗನ ಕೈಯಲ್ಲಿ ಕಳುಹಿಸಿದ್ದ ಚೆಕ್ಕನ್ನು ಸಹಿ ಹೊಂದಲಿಲ್ಲವೆಂದು ಹಿಂದಿರುಗಿಸಿದೆವು. ಮರುದಿನ ಅವರೇ ಬಂದು ನಮ್ಮೆದುರು ಕುಳಿತು ಸಹಿ ಹಾಕಿದರು. ಪಾರ್ಶ್ವವಾಯುವಿನಿಂದ ಕೈ ನಡುಗುತ್ತಿತ್ತು. ಅದು ಔಷಧಿಗೆಂದು ಬರೆದ ಚೆಕ್ಕು. ಸಹಿ ಬೇರೆಯಾಗಿದೆ ಎಂದು ನಮ್ಮ ಕಣ್ಣು ಹೇಳಿದ್ದು ಸರಿಯೇ; ಏಕೆ ಬೇರೆಯಾಯಿತೆಂಬುದನ್ನು ಅದು ಹೇಳಲಾರದಾಗಿತ್ತು. ಕೇಳಿ ತಿಳಿಯಬಹುದಿತ್ತು, ಅವರ ದೂರವಾಣಿ ಸಂಖ್ಯೆ ನಮ್ಮ ಕಡತದಲ್ಲಿಯೇ ಇತ್ತು.

ಹಾಗೆಂದು ಅರಿವನ್ನಾಗಲಿ ಅನುಭವವನ್ನಾಗಲಿ ಕಡೆಗಣಿಸುವಂತಿಲ್ಲ. ಅದೇ ಕಣ್ಣು ಖೋಟಾ ಸಹಿಗಳನ್ನು ಹಿಡಿದು ಠೇವಣಿದಾರರ ಹಣವನ್ನು ಉಳಿಸಿದ್ದೂ ಉಂಟು. ಎಲ್ಲಿಯವರೆಗೆ ಕಂಡಿದ್ದೇವೆ, ಎಲ್ಲಿಂದ ಊಹಿಸುತ್ತಿದ್ದೇವೆ ಎಂಬ ಎಚ್ಚರವಿದ್ದರೆ ಸಾಕು. ಹೊಗೆ ಕಂಡೊಡನೆ ಬೆಂಕಿಯೆಂದು ತಿಳಿಯುವುದು ಜಾಣತನ. ಬಳಿಗೆ ಹೋಗಿ ನೋಡಿ ಬರುವುದು ವಿವೇಕ. ಆ ವೃದ್ಧರ ವಿಷಯದಲ್ಲಿ ನಾವು ಜಾಣರಷ್ಟೇ ಆಗಿದ್ದೆವು.