ಹೂವು ನೋಡಿ ಗಿಡ ಗುರುತಿಡಿ, ಹುಲ್ಲಿನ ಹೊರೆ ಜೋಪಾನ ಮಾಡಿ

ಬೆಳಗಿನ ಹಾಲು ಡೇರಿಗೆ ಹಾಕಿ ಬಂದು, ಕುಡುಗೋಲು ಹಿಡಿದು ಬದುವಿಗೆ ಹೊರಡುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳೇ. ಬಿಸಿಲೇರುವ ಮೊದಲು ಹೊರೆ ಕಟ್ಟುವ ಆತುರದಲ್ಲಿ ಹುಲ್ಲಿನ ಜೊತೆ ಯಾವ ಗಿಡ ಕೈಗೆ ಬಂತೆಂದು ನೋಡಲು ಪುರಸೊತ್ತೆಲ್ಲಿ? ಬಯಲಿನಲ್ಲಿ ಮೇಯುವ ಹಸು ಸಾಮಾನ್ಯವಾಗಿ ಮೂಸಿ ನೋಡಿ ಕೆಟ್ಟ ಗಿಡವನ್ನು ಬಿಟ್ಟುಬಿಡುತ್ತದೆ. ಅದೇ ಗಿಡ ಹುಲ್ಲಿನಲ್ಲಿ ಬೆರೆತು ಗೋದಲಿಗೆ ಬಿದ್ದರೆ, ಹಸಿದ ಹಸು ಆರಿಸಿ ತಿನ್ನುವುದಿಲ್ಲ.

ಎಲೆ ನೋಡಿ ಗಿಡ ಗುರುತಿಸುವುದು ಕಷ್ಟ, ಹೂವು ನೋಡಿದರೆ ಸುಲಭ. ಮಳೆಗಾಲದಲ್ಲಿ ಬದು, ಬೇಲಿ, ಹಳ್ಳದ ದಂಡೆಯಲ್ಲೆಲ್ಲ ಹೂವು ಕಾಣುತ್ತದೆ. ಆದರೆ ಅಪಾಯ ಹೆಚ್ಚುವುದು ಆಮೇಲೆ, ಹುಲ್ಲು ಒಣಗಿ ಇಂಥ ಗಿಡಗಳಷ್ಟೇ ಹಸಿರಾಗಿ ಉಳಿದಾಗ. ಆದ್ದರಿಂದ ಹೂ ಇರುವಾಗಲೇ ಇವುಗಳ ಪರಿಚಯ ಮಾಡಿಕೊಳ್ಳಿ.

ಲಂಟಾನ: ಬೇಲಿ ಮತ್ತು ಕಾಡಂಚಿನಲ್ಲಿ ಪೊದೆಯಾಗಿ ಬೆಳೆಯುತ್ತದೆ. ಸಣ್ಣ ಹೂಗಳು ಗೊಂಚಲಾಗಿರುತ್ತವೆ. ಹಲವು ಪೊದೆಗಳಲ್ಲಿ ಒಂದೇ ಗೊಂಚಲಿನ ನಡುವೆ ಹಳದಿ, ಅಂಚಿಗೆ ಗುಲಾಬಿ ಅಥವಾ ಕೆಂಪು ಬಣ್ಣ. ಹೂವಿಲ್ಲದಾಗ ಮುಳ್ಳಿರುವ ಚೌಕದ ಕಾಂಡ ಮತ್ತು ಹಿಸುಕಿದಾಗ ಎಲೆಯಿಂದ ಬರುವ ಘಾಟು ವಾಸನೆಯೇ ಗುರುತು. ಇದು ಹಸುವಿನ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಹಸು ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಬಿಸಿಲಿಗೆ ನಿಂತರೆ ಮೂತಿ, ಕಿವಿ ಹಾಗೂ ಬಿಳಿ ಮಚ್ಚೆಯ ಜಾಗದ ಚರ್ಮ ಸುಟ್ಟಂತಾಗುತ್ತದೆ.

ಕಾಂಗ್ರೆಸ್ ಗಿಡ (ಪಾರ್ಥೇನಿಯಂ): ಪಾಳು ಹೊಲ, ರಸ್ತೆಬದಿಯಲ್ಲಿ ಬೆಳೆಯುವ ಇದರ ಹೂವು ಅಕ್ಕಿಯಷ್ಟು ಬಿಳುಪು, ಚಿಕ್ಕದು. ಎಲೆ ಗಜ್ಜರಿ ಸೊಪ್ಪಿನಂತೆ ಸೀಳಿರುತ್ತದೆ. ತಿಂದ ಹಸುವಿನ ಹಾಲು ಕಹಿಯಾಗಬಹುದು. ಕೀಳುವವರ ಕೈಗೂ ತುರಿಕೆ ಬರುವುದರಿಂದ ಕೈಗವಸು ಹಾಕಿಕೊಳ್ಳಿ. ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿ. ಬೀಜ ಉದುರಿದರೆ ಒಂದು ಗಿಡದ ಜಾಗದಲ್ಲಿ ಸಾವಿರಾರು ಹುಟ್ಟುತ್ತವೆ.

ಗೌರಿ ಹೂ: ಬೇಲಿಗೆ ಹಬ್ಬುವ ಈ ಬಳ್ಳಿಯ ಹೂವು ಬೆಂಕಿಯ ನಾಲಿಗೆಯಂತೆ. ಹಳದಿ ಕೆಂಪು ದಳಗಳು ಅಲೆಅಲೆಯಾಗಿ ಮೇಲಕ್ಕೆ ಬಾಗಿರುತ್ತವೆ. ಹೂವಿಲ್ಲದಿದ್ದರೆ ಎಲೆಯ ತುದಿ ನೋಡಿ, ಸುರುಳಿ ಸುತ್ತಿ ಪಕ್ಕದ ಕಡ್ಡಿ ಹಿಡಿದಿರುತ್ತದೆ. ಗಿಡವೆಲ್ಲ ವಿಷ, ಗೆಡ್ಡೆಯಲ್ಲಿ ಇನ್ನೂ ಹೆಚ್ಚು. ಉಳುಮೆಯಲ್ಲಿ ಮೇಲೆ ಬಂದ ಗೆಡ್ಡೆಯನ್ನು ಬದುವಿನಲ್ಲಿ ಬಿಡಬೇಡಿ.

ದತ್ತೂರಿ: ತಿಪ್ಪೆಯ ಸುತ್ತ, ಜೋಳದ ಹೊಲದಂಚಿನಲ್ಲಿ ಕಾಣುವ ಉದ್ದನೆಯ ಕಹಳೆಯಂಥ ಹೂವು, ಬಿಳಿ ಅಥವಾ ನೇರಳೆ. ಕಾಯಿ ದುಂಡಗೆ, ಮೈಯೆಲ್ಲ ಮುಳ್ಳು. ಒಣಗಿದರೂ ವಿಷ ಹೋಗುವುದಿಲ್ಲ. ಮೇವಿನ ಜೋಳ ಕೊಯ್ಯುವಾಗ ಇದನ್ನು ಮೊದಲು ಕಿತ್ತು ಬೇರೆ ಹಾಕಿ.

ಎಲ್ಲ ಕಾಡು ಹೂವೂ ಕೆಟ್ಟದ್ದಲ್ಲ. ಬೇಲಿಯ ಮೇಲೆ ನೀಲಿ ಹೂ ಬಿಡುವ ಶಂಖಪುಷ್ಪ ಅವರೆಯ ಜಾತಿಗೆ ಸೇರಿದ ಬಳ್ಳಿ. ಒಳ್ಳೆಯ ಮೇವು. ಹುಲ್ಲಿನ ಜೊತೆ ಬೆರೆಸಿ ಕೊಡಬಹುದು. ಗೊತ್ತಿಲ್ಲವೆಂದು ಎಲ್ಲವನ್ನೂ ಕಿತ್ತು ಎಸೆದರೆ ಇಂಥದ್ದೂ ಹೋಗುತ್ತದೆ.

ಈ ಮಳೆಗಾಲದಲ್ಲಿ ಒಂದು ದಿನ ಕುಡುಗೋಲು ಮನೆಯಲ್ಲೇ ಬಿಟ್ಟು, ನೀವು ಹುಲ್ಲು ಕೊಯ್ಯುವ ದಾರಿಯಲ್ಲಿ ನಡೆದು ಬನ್ನಿ. ನಿಮ್ಮ ಅತ್ತೆಯನ್ನೋ ಊರಿನ ಹಿರಿಯಜ್ಜಿಯನ್ನೋ ಜೊತೆಗೆ ಕರೆದುಕೊಳ್ಳಿ, ಅವರಿಗೆ ನಮಗಿಂತ ಹೆಚ್ಚು ಗಿಡಗಳ ಪರಿಚಯ ಇರುತ್ತದೆ. ಕೀಳಬಹುದಾದದ್ದನ್ನು ಕೀಳಿ. ಆಗದ ಕಡೆ ಒಂದು ಕೋಲು ನೆಟ್ಟು ಹಳೆ ಬಟ್ಟೆ ಕಟ್ಟಿ. ಬೇಸಿಗೆಯಲ್ಲಿ ಅಲ್ಲಿ ಕೊಯ್ಯಬಾರದೆಂದು ಮನೆಯವರಿಗೆಲ್ಲ ತಿಳಿಯುತ್ತದೆ.

ಇಷ್ಟಾದರೂ ಹಸು ತಿಂದಿದೆ ಎಂಬ ಅನುಮಾನ ಬಂದರೆ ಆ ಮೇವನ್ನು ತೆಗೆದುಹಾಕಿ, ಹಸುವನ್ನು ನೆರಳಿಗೆ ಕಟ್ಟಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಬಾಯಿಗೆ ಎಣ್ಣೆ, ಮಜ್ಜಿಗೆ ಒತ್ತಾಯದಿಂದ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಹಸು ಉಳಿಯುವುದು ಕಷ್ಟ. ಗೋದಲಿಯಲ್ಲಿ ಉಳಿದ ಗಿಡದ ತುಂಡನ್ನು ಎತ್ತಿಟ್ಟು ವೈದ್ಯರಿಗೆ ತೋರಿಸಿ. ಯಾವ ಗಿಡವೆಂದು ತಿಳಿದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.