ಎಲೆಯ ಮೇಲುಭಾಗ

ಆಫೀಸಿನಲ್ಲಿ "ನಾವು ಸಸ್ಯಾಹಾರಿಗಳು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮವರ ಸಂಜೆಯ ತಟ್ಟೆಯನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಗುಡ್ಡದಂತೆ ಅನ್ನ, ಅದರ ಮೇಲೆ ಬೇಳೆ ಸಾರು, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಕೊನೆಗೆ ಮೊಸರನ್ನ, ನಂಚಿಕೊಳ್ಳಲು ಉಪ್ಪಿನಕಾಯಿ. ಹಸಿರೆಂದರೆ ಒಗ್ಗರಣೆಯ ಕರಿಬೇವು. ಅದನ್ನೂ ತಟ್ಟೆಯ ಅಂಚಿಗೆ ಸರಿಸಿರುತ್ತೇವೆ. ಮಾಂಸ ತಿನ್ನುವ ಮನೆಗಳ ತಟ್ಟೆಯೂ ಇದಕ್ಕಿಂತ ಹೆಚ್ಚು ಹಸಿರಾಗಿರುತ್ತದೆ ಎಂದೇನಿಲ್ಲ. ಸಸ್ಯಾಹಾರಿಗಳು ಎನ್ನುವುದಕ್ಕಿಂತ ನಮ್ಮನ್ನು ಅನ್ನಾಹಾರಿಗಳು ಎಂದು ಕರೆದರೆ ತಪ್ಪಾಗದು.

ಬಾಳೆಎಲೆಯ ಊಟದ ಕ್ರಮ ಹೀಗಿರಲಿಲ್ಲ. ಎಲೆಯ ಮೇಲುಭಾಗಕ್ಕೆ ಕೋಸಂಬರಿ, ಎರಡು ಬಗೆಯ ಪಲ್ಯ, ಗೊಜ್ಜು ಬಡಿಸಿದ ಮೇಲೆಯೇ ಕೆಳಭಾಗಕ್ಕೆ ಅನ್ನ ಬರುತ್ತಿತ್ತು. ಅಮೆರಿಕಾದ ಕೃಷಿ ಇಲಾಖೆಯವರು 2011ರಲ್ಲಿ ಪ್ರಕಟಿಸಿದ ತಟ್ಟೆಯ ಚಿತ್ರದಲ್ಲೂ ಅರ್ಧ ಭಾಗ ತರಕಾರಿ ಮತ್ತು ಹಣ್ಣು. ನಮ್ಮ ಅಡುಗೆಭಟ್ಟರು ಯಾವ ಇಲಾಖೆಯನ್ನೂ ಕೇಳದೆ ಹಾಗೆಯೇ ಬಡಿಸುತ್ತಿದ್ದರು! ನಿತ್ಯದ ಊಟ ಹಬ್ಬದ ಎಲೆಯಲ್ಲ, ನಿಜ. ಆದರೆ ನಿತ್ಯದ ಹುಳಿಯೂ ಸೋರೆಕಾಯಿ ಹುಳಿ, ಬದನೆಕಾಯಿ ಹುಳಿ ಎಂದು ಹೋಳಿನ ಹೆಸರಿನಿಂದಲೇ ಕರೆಸಿಕೊಳ್ಳುತ್ತಿತ್ತು. ಇಲ್ಲಿಗೆ ಬಂದ ಮೇಲೆ ಬೇಳೆ ಹೆಚ್ಚಿತು, ಹೋಳು ಕರಗಿತು.

ಇದನ್ನು ನಾಲಗೆಯ ವಿಷಯವೆಂದು ನಕ್ಕು ಬಿಡುವಂತಿಲ್ಲ. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 2010ರಲ್ಲಿ ಆರಂಭಿಸಿದ "ಮಸಾಲಾ" ಎಂಬ ಅಧ್ಯಯನದಲ್ಲಿ ಆ ಎರಡು ಪ್ರದೇಶಗಳ 906 ಮಂದಿ ದಕ್ಷಿಣ ಏಷ್ಯಾ ಮೂಲದವರನ್ನು ಪರೀಕ್ಷಿಸಿದರು. ವಯಸ್ಸಿನ ವ್ಯತ್ಯಾಸ ಕಳೆದು ಲೆಕ್ಕ ಹಾಕಿದಾಗ ನಮ್ಮವರಲ್ಲಿ ನೂರಕ್ಕೆ 23 ಮಂದಿಗೆ ಸಕ್ಕರೆ ಕಾಯಿಲೆ. ಬಿಳಿಯರಲ್ಲಿ 6 ಮಂದಿಗೆ. ಇದಕ್ಕೆ ಅನ್ನವೊಂದೇ ಕಾರಣವಲ್ಲ, ವಂಶದ ಪಾಲೂ ಇದೆ. ಆದರೆ ವಂಶವನ್ನು ಬದಲಾಯಿಸಲಾಗದು, ತಟ್ಟೆಯನ್ನು ಬದಲಾಯಿಸಬಹುದು. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆ ಆ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಮಂದಿ ದೊಡ್ಡವರಿರುವ ಮನೆಗೆ ದಿನವೊಂದಕ್ಕೆ ಮೂರೂವರೆ ಪೌಂಡು! ಈ ವಾರದ ಅಂಗಡಿ ಚೀಟಿಯನ್ನು ತೆಗೆದು ಕೂಡಿ ನೋಡಿ.

ಸಾಮಾನು ಸಿಗುವುದಿಲ್ಲ ಎಂಬ ನೆಪ ಈಗ ನಡೆಯದು. ಷಿಕಾಗೋದ ಡೆವಾನ್ ಬೀದಿಯಲ್ಲಿ ಪಟೇಲ್ ಬ್ರದರ್ಸ್ ಅಂಗಡಿ 1974ರಲ್ಲಿ ತೆರೆಯಿತು. ಇಂದು ಲೆಮಾಂಟಿನ ದೇವಸ್ಥಾನದ ಸುತ್ತಮುತ್ತ ವಾಸಿಸುವವರು ಮೆಂತ್ಯ ಸೊಪ್ಪಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ, ನೇಪರ್‌ವಿಲ್ಲಿನಲ್ಲೇ ದೊರೆಯುತ್ತದೆ. ಡೆಟ್ರಾಯಿಟ್ ಕಡೆಯವರಿಗೆ ಈಸ್ಟರ್ನ್ ಮಾರ್ಕೆಟ್ಟಿನ ಶನಿವಾರದ ಸಂತೆ ಇದೆ. ಹಾಗಿದ್ದರೂ ನಮ್ಮ ಅಭಿಪ್ರಾಯದಲ್ಲಿ, ವಾರ ಕಳೆದ ಬಾಡಿದ ತೊಂಡೆಕಾಯಿಗಿಂತ ಇಲ್ಲಿಯ ನೆಲದ ತಾಜಾ ತರಕಾರಿಗೆ ನಮ್ಮ ಅಡುಗೆಯನ್ನು ಕಲಿಸುವುದು ಲೇಸು.

ಬಸ್ಸಾರನ್ನೇ ತೆಗೆದುಕೊಳ್ಳಿ. ಒಂದೇ ಪಾತ್ರೆಯಲ್ಲಿ ಬೇಯಿಸಿ ಸಾರು, ಪಲ್ಯ ಎರಡನ್ನೂ ಕೊಡುವ ಈ ಅಡುಗೆ ಕೆಲಸಕ್ಕೆ ಹೋಗಿಬರುವವರಿಗೆಂದೇ ಹುಟ್ಟಿದಂತಿದೆ. ಕಾಲರ್ಡ್ ಸೊಪ್ಪಿನ ದೊಡ್ಡ ಕಟ್ಟು ತಂದು, ನಡುವಿನ ದಪ್ಪ ನರ ತೆಗೆದು ಸಣ್ಣಗೆ ಹೆಚ್ಚಿ. ನೆನೆಸಿದ ಅಲಸಂದೆ ಕಾಳು ಒಂದು ಬಟ್ಟಲು ಸಾಕು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ಕೂಗಿಸಿದರೆ ಮುದ್ದೆಯಾಗುತ್ತದೆ. ಪಾಲಕ್ಕಿಗಿಂತ ಇದು ಗಟ್ಟಿ ಸೊಪ್ಪು, ಕಾಲು ಗಂಟೆಯಾದರೂ ಬೇಕು. ನೀರನ್ನು ಬಸಿದಿಟ್ಟುಕೊಂಡು, ಬೆಂದ ಸೊಪ್ಪು ಕಾಳು ಒಂದು ಹಿಡಿ, ಕಾಯಿತುರಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಸಾರಿನ ಪುಡಿ ರುಬ್ಬಿ ಅದಕ್ಕೆ ಹಾಕಿ ಕುದಿಸಿ. ಉಳಿದದ್ದಕ್ಕೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಈರುಳ್ಳಿ ತಿನ್ನದವರು ಇಂಗು ಹಾಕಿಕೊಳ್ಳಲಿ. ಅನ್ನವನ್ನು ಅರ್ಧ ಮಾಡಿ ಮುದ್ದೆಯನ್ನೂ ಅರ್ಧವೇ ಮಾಡಿದರೆ ಇನ್ನೂ ಒಳ್ಳೆಯದು. ಪಲ್ಯ ಮಾತ್ರ ಎರಡು ಸಲ ಬಡಿಸಿ.

ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳಿಗೆ ಅಕ್ಕಿರೊಟ್ಟಿ. ಸಬ್ಬಸಿಗೆ ಸೊಪ್ಪು ಇಲ್ಲಿಯ ಅಂಗಡಿಗಳಲ್ಲಿ ಡಿಲ್ ಎಂಬ ಹೆಸರಿನಲ್ಲಿ ಕುಳಿತಿದೆ. ಅದರೊಂದಿಗೆ ತುರಿದ ಜುಕಿನಿ, ಕ್ಯಾರೆಟ್ಟು ಸೇರಿಸಿ. ಉಪ್ಪು ಬಿದ್ದೊಡನೆ ಜುಕಿನಿ ನೀರು ಬಿಡುವುದರಿಂದ ಹತ್ತು ನಿಮಿಷ ಕಾದು, ಬೇಕಾದರೆ ಮಾತ್ರ ನೀರು ಹಾಕಿ ಕಲಸಿ. ಬ್ರಾಕ್ಲಿಯ ದಂಟನ್ನು ಎಸೆಯುವವರಿಗೆ ಒಂದು ಮಾತು: ಸಿಪ್ಪೆ ಹೆರೆದರೆ ಅದು ಹುಳಿಯಲ್ಲಿ ನವಿಲುಕೋಸಿನ ತಮ್ಮ. ಬೀಟ್‌ರೂಟು, ಮೂಲಂಗಿಯ ತಲೆಯ ಸೊಪ್ಪೂ ಪಲ್ಯಕ್ಕೆ ಬರುತ್ತದೆ.

ಹಿಮ ಬೀಳುವ ತಿಂಗಳುಗಳಲ್ಲಿ ಡಬ್ಬಿಯ ಕುಂಬಳಕಾಯಿಯನ್ನು ಕೀಳಾಗಿ ಕಾಣಬೇಡಿ. ಈ ದೇಶದ ಡಬ್ಬಿ ಕುಂಬಳದ ಬಹುಪಾಲು ನಮ್ಮ ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಊರಿನದು. ಮೊಸರು, ಸಾಸಿವೆ ಅರೆದು ಬೆರೆಸಿದರೆ ಐದು ನಿಮಿಷದಲ್ಲಿ ಸಾಸಿವೆ ಸಿದ್ಧ. "ಪೈ" ಎಂದು ಬರೆದ ಡಬ್ಬಿಯಲ್ಲಿ ಸಕ್ಕರೆ, ಚಕ್ಕೆ ಇರುತ್ತದೆ, ಓದಿ ಕೊಳ್ಳಿ.

ಹಿತ್ತಿಲಿರುವವರು ಮೇ ತಿಂಗಳ ಕೊನೆಗೆ ದಂಟು, ಬಸಳೆ ಹಾಕಬಹುದು. ಎರಡಕ್ಕೂ ಇಲ್ಲಿಯ ಬೇಸಗೆಯ ಸೆಕೆ ಇಷ್ಟ. ಮೆಂತ್ಯ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಜಿಂಕೆ, ಮೊಲಗಳಿಗೂ ಪಾಲು ಕೊಡಬೇಕಾದೀತು. ಲಾನಿನ ಅಂಚಿನಲ್ಲಿ ಕಳೆಯೆಂದು ಕಿತ್ತೆಸೆಯುವ ಪರ್ಸ್‌ಲೇನ್ ನಮ್ಮ ಗೋಣಿಸೊಪ್ಪೇ. ಬೇಳೆಯೊಂದಿಗೆ ಬಹಳ ರುಚಿ. ಕಳೆನಾಶಕ ಹೊಡೆದ ಜಾಗದ್ದು ಬೇಡ. ಮುರಿದಾಗ ಹಾಲು ಬರುವ ಗಿಡ ಬೇರೆ, ವಿಷದ್ದು, ಅದನ್ನು ಮುಟ್ಟಬೇಡಿ.

ಇನ್ನು ನಮ್ಮ ಕೂಟಗಳ ಊಟ. ಬಿಸಿಬೇಳೆಬಾತು, ವಾಂಗಿಬಾತು, ಪುಳಿಯೋಗರೆ, ಚಿತ್ರಾನ್ನ, ಮೊಸರನ್ನ: ಅಕ್ಕಿಯ ಐದು ಅವತಾರಗಳು ಒಂದೇ ಮೇಜಿನ ಮೇಲೆ! ಮುಂದಿನ ಸಲ ಯಾರು ಏನು ತರಬೇಕೆಂಬ ಪಟ್ಟಿ ಬರೆಯುವವರು ಅನ್ನದ ಬಗೆಗೆ ಎರಡೇ ಸಾಲು ಬಿಡಲಿ, ಕೋಸಂಬರಿ ಮತ್ತು ಪಲ್ಯಕ್ಕೆ ಆರು. ಬಡಿಸುವ ಮೇಜಿನಲ್ಲಿ ಅವನ್ನೇ ಮೊದಲು ಇಡಲಿ.