ಚಳಿಗಿಂತ ಮೊದಲು ಭಟ್ಟಿ

ಹುಬ್ಬಳ್ಳಿಯ ಲೇತು, ಡೈ, ಪಂಚುಗಳ ಸಂಸಾರವೆಲ್ಲ ಗೋಕುಲ ರಸ್ತೆ, ತಾರಿಹಾಳದ ಕಡೆಗಿದೆ. ಸವಾಯಿ ಗಂಧರ್ವ ಸಭಾಂಗಣವಿರುವ ದೇಶಪಾಂಡೆ ನಗರದಲ್ಲಿ ಹೆಚ್ಚಾಗಿ ಮನೆಗಳೇ. ಇಂಥ ಬಡಾವಣೆಯ ಗ್ಯಾರೇಜಿನಲ್ಲಿ ಸಣ್ಣ ಲೇತು ಇಟ್ಟುಕೊಂಡವರಿಗೂ ‘ಕ್ರಯೋ’ ಎಂಬ ಮಾತು ಆಸೆ ಹುಟ್ಟಿಸುತ್ತದೆ: ಪಂಚನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಳಿಬಿಟ್ಟರೆ ಅದರ ಬಾಳಿಕೆ ಹೆಚ್ಚುತ್ತದಂತೆ. ಸಾರಜನಕವೇನೂ ಅಪರೂಪದ್ದಲ್ಲ, ಹಸುಗಳ ಕೃತಕ ಗರ್ಭಧಾರಣೆಗೆ ಬರುವ ಸಿಬ್ಬಂದಿಯ ಪಾತ್ರೆಯಲ್ಲಿ ಇರುವುದೂ ಅದೇ. ಆಸೆಗೆ ಆಧಾರವೂ ಇದೆ. ಆದರೆ ಮನೆಯ ವರ್ಕ್‌ಶಾಪಿನ ದುಡ್ಡು ಮೊದಲು ಹೋಗಬೇಕಾದದ್ದು ಭಟ್ಟಿಯ ಕಾವನ್ನು ಸರಿಯಾಗಿ ಅಳೆಯುವ ಸಾಧನಕ್ಕೆ.

ಕೆಂಪಗೆ ಕಾದ ಉಕ್ಕಿನ ಒಳರಚನೆಗೆ ಆಸ್ಟೆನೈಟ್ ಎಂದು ಹೆಸರು. ತಟ್ಟನೆ ತಣಿಸಿದಾಗ ಅದು ಗಡಸಾದ ಮಾರ್ಟೆನ್ಸೈಟ್ ಆಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಇಂಗಾಲ ಹೆಚ್ಚಿದಷ್ಟೂ ಈ ಬದಲಾವಣೆ ಮುಗಿಯುವ ಮಟ್ಟ ಕೆಳಗಿಳಿದು ಸೊನ್ನೆಯನ್ನೂ ದಾಟುತ್ತದೆ. ಶೇ 1.5ರಷ್ಟು ಇಂಗಾಲ, ಶೇ 12ರಷ್ಟು ಕ್ರೋಮಿಯಂ ಇರುವ ಡಿ2 ಜಾತಿಯ ಉಕ್ಕಿನಲ್ಲಿ ಹೀಗೆ ಉಳಿದುಬಿಡುವ ಆಸ್ಟೆನೈಟ್ ಗಣನೀಯ. ಮುಂದೆಂದೋ ಅದು ತಾನಾಗಿ ಬದಲಾದರೆ ಗೇಜಿನ ಅಳತೆ ತಪ್ಪುತ್ತದೆ. ಚಳಿ ಈ ಕೆಲಸವನ್ನು ಮೊದಲೇ ಮುಗಿಸುತ್ತದೆ. ಆದರೆ ಎಷ್ಟು ಉಳಿಯಬೇಕೆಂದು ತೀರ್ಮಾನಿಸುವುದು ಭಟ್ಟಿ. 1020 ಡಿಗ್ರಿ ಸಾಕಾದ ಡಿ2 ಉಕ್ಕನ್ನು ಕಣ್ಣಂದಾಜಿನಲ್ಲಿ 1080ಕ್ಕೆ ಏರಿಸಿದರೆ ಹೆಚ್ಚು ಕಾರ್ಬೈಡ್ ಕರಗಿ ಉಳಿಕೆ ಬೆಳೆಯುತ್ತದೆ, ಕಣಗಳೂ ದಪ್ಪಗಾಗುತ್ತವೆ. ಉಳಿಕೆಯನ್ನು ಚಳಿ ತಗ್ಗಿಸೀತು. ದಪ್ಪಗಾದ ಕಣವನ್ನು ಮತ್ತೆ ಸಣ್ಣದು ಮಾಡಲಾರದು. ಹದಗೆಟ್ಟ ಉಕ್ಕಿನಲ್ಲೇ ಕ್ರಯೋದ ಚಮತ್ಕಾರ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಪ್ರಯೋಗಾಲಯಗಳ ವರದಿ ಸುಳ್ಳೇ ಎಂದು ಕೇಳಬಹುದು. ಅಲ್ಲ. 1982ರಲ್ಲೇ ಅಮೆರಿಕದ ಸಂಶೋಧಕ ಬ್ಯಾರನ್, ಸಾರಜನಕದ ಆಳಕ್ಕೆ ತಣಿಸಿದ ಟೂಲ್ ಸ್ಟೀಲ್ ಕಡಿಮೆ ಸವೆಯುತ್ತದೆ ಎಂದು ತೋರಿಸಿದ್ದರು. ಉಳಿಕೆ ಆಸ್ಟೆನೈಟ್ ಒಂದರಿಂದಲೇ ಈ ಲಾಭವನ್ನು ವಿವರಿಸಲಾಗದು ಎಂದು ವಾದಿಸಿದ ಜಪಾನಿನ ಸಂಶೋಧಕರು 1994ರಲ್ಲಿ ಅತಿ ಸೂಕ್ಷ್ಮ ಕಾರ್ಬೈಡ್‌ಗಳತ್ತ ಬೆರಳು ತೋರಿಸಿದರು. ಆದರೆ ಅಲ್ಲಿ ಹಾರ್ಡ್ನಿಂಗ್ ಅಳತೆಗೆ ತಕ್ಕಂತೆ ನಡೆದಿರುತ್ತದೆ, ತಣಿಸುವಿಕೆ ನಿಧಾನ, ಚಳಿಯಲ್ಲಿಡುವುದು ಗಂಟೆಗಟ್ಟಲೆ. ಥರ್ಮೋಕೋಲ್ ಡಬ್ಬಿಯಲ್ಲಿ ಹತ್ತು ನಿಮಿಷ ಮುಳುಗಿಸುವುದಕ್ಕೆ ಆ ಸಾಕ್ಷ್ಯ ಸಲ್ಲುವುದಿಲ್ಲ. ಅಂಗಡಿಯಿಂದ ತಂದ ಎಚ್‌ಎಸ್‌ಎಸ್ ಡ್ರಿಲ್ ಬಿಟ್ಟಿಗೂ ಅಷ್ಟೇ: 550 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ಸಲ ಮತ್ತೆ ಕಾದು ಟೆಂಪರ್ ಆಗಿ ಬಂದ ಉಕ್ಕಿನಲ್ಲಿ ಬದಲಾಗಲು ಉಳಿದಿರುವುದೇ ಕಡಿಮೆ.

ಮನೆಯ ಕೋಣೆಗೆ ಸಾರಜನಕ ತರುವುದಕ್ಕೆ ಇನ್ನೊಂದು ತಕರಾರಿದೆ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಉದ್ದ, ಅಗಲ, ಎತ್ತರ ಮೂರು ಮೂರು ಮೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಹತ್ತು ಲೀಟರ್ ಆವಿಯಾದರೆ ಆಮ್ಲಜನಕ ಶೇ 21ರಿಂದ 16ರ ಹತ್ತಿರ ಇಳಿಯುತ್ತದೆ, ವಾಸನೆಯ ಸುಳಿವೂ ಇರುವುದಿಲ್ಲ. ಮೈನಸ್ 78 ಡಿಗ್ರಿಯ ಒಣ ಮಂಜುಗಡ್ಡೆ ಉಳಿಕೆ ಆಸ್ಟೆನೈಟಿನ ಬಹುಪಾಲನ್ನು ತೆಗೆಯಬಲ್ಲದು; ಅದಕ್ಕೂ ತೆರೆದ ಕಿಟಕಿ ಬೇಕು, ಬಿಗಿ ಮುಚ್ಚಳ ಬೇಡ. ಎರಡಕ್ಕಿಂತ ಜಾಣತನವೆಂದರೆ ಹೀಟ್ ಟ್ರೀಟ್‌ಮೆಂಟ್ ಮಾಡುವವರಿಗೆ ಕೊಡುವಾಗಲೇ ‘ಸಬ್‌ಜೀರೋ’ ಬೇಕೆಂದು ಚೀಟಿಯಲ್ಲಿ ಬರೆಸುವುದು, ಅದೂ ಹಾರ್ಡ್ನಿಂಗ್ ಆದ ಬೆನ್ನಿಗೇ. ಚಳಿಯಲ್ಲಿ ಹೊಸದಾಗಿ ಹುಟ್ಟಿದ ಮಾರ್ಟೆನ್ಸೈಟ್ ಗಾಜಿನಂತೆ ಪೆಡಸು. ಅದಾದ ಮೇಲೆ ಟೆಂಪರಿಂಗ್ ತಪ್ಪಿದರೆ ಪಂಚು ಮೊದಲ ಹೊಡೆತಕ್ಕೇ ಚಕ್ಕೆ ಏಳಬಹುದು.